ಮಿರ್ಚಿ ಬಿಟ್ಟು ಮಂಡಕ್ಕಿ ಉಳಿಸಿಕೊಂಡವರಿಗೆ: ಮೊಡವೆ ಮತ್ತು ಊಟದ ಪ್ರಶ್ನೋತ್ತರ

ಪ್ರಶ್ನೆ (ತಾಯಿ, ದಾವಣಗೆರೆ): ಡಾಕ್ಟರೇ, ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಹಣೆ, ಕೆನ್ನೆಯ ತುಂಬ ಮೊಡವೆ. ನಮ್ಮ ಅತ್ತೆಯವರು ಶೇಂಗಾ ಉಷ್ಣ, ಬದನೆಕಾಯಿ ನಂಜು ಎಂದು ಒಂದೊಂದಾಗಿ ಎಲ್ಲವನ್ನೂ ಬಿಡಿಸಿದ್ದಾರೆ. ತುಪ್ಪ, ಮಾವಿನಹಣ್ಣು, ಸಂಜೆಯ ಮಿರ್ಚಿ ಕೂಡ ಬಂದ್. ಆದರೂ ಕಡಿಮೆಯಾಗಿಲ್ಲ. ಇನ್ನೇನು ಬಿಡಿಸಬೇಕು?

ಚರ್ಮವೈದ್ಯೆ: ಬಿಡಿಸಿದ್ದು ಸಾಕು. ಈಗ ಏನೇನು ತಿನ್ನುತ್ತಾಳೆ, ಅದನ್ನು ಹೇಳಿ. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇ?

ತಾಯಿ: ಮುಟ್ಟು ಸರಿಯಿದೆ. ಬೆಳಿಗ್ಗೆ ಬ್ರೆಡ್ಡು, ಜಾಮ್. ದಿನಕ್ಕೆ ಎರಡು ಲೋಟ ಹಾಲು. ಚಾಕೊಲೇಟ್ ರುಚಿಯ ಪುಡಿ ಎರಡು ಚಮಚ, ಮೇಲೆ ಸಕ್ಕರೆ ಎರಡು ಚಮಚ. ಸಂಜೆ ಮಂಡಕ್ಕಿ, ಇಲ್ಲವೇ ಬಿಸ್ಕತ್ತು.

ಚರ್ಮವೈದ್ಯೆ: ದಾವಣಗೆರೆಯವರಾಗಿ ಮಿರ್ಚಿ ಬಿಟ್ಟು ಮಂಡಕ್ಕಿಯನ್ನು ಮಾತ್ರ ಉಳಿಸಿಕೊಂಡಿದ್ದೀರಿ! ಮಿರ್ಚಿಯ ಪರ ನಾನು ವಕಾಲತ್ತು ಹಾಕುವುದಿಲ್ಲ, ಆದರೆ ತಿಂದ ಎಣ್ಣೆ ನೇರವಾಗಿ ಮುಖದ ಮೇಲೆ ಜಿನುಗುವುದಿಲ್ಲ. ಆ ಜಿಡ್ಡನ್ನು ತಯಾರಿಸುವುದು ಚರ್ಮದೊಳಗಿನ ತೈಲಗ್ರಂಥಿಗಳು. ಹದಿಹರೆಯದಲ್ಲಿ ಹಾರ್ಮೋನುಗಳು ಅವುಗಳನ್ನು ಚುರುಕುಗೊಳಿಸುತ್ತವೆ. ರಂಧ್ರದ ಬಾಯಿ ಕಟ್ಟಿಕೊಂಡಾಗ ಮೊಡವೆ ಏಳುತ್ತದೆ. ಸಕ್ಕರೆ, ಬ್ರೆಡ್ಡು, ಮಂಡಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತವೆ, ಅದರ ಬೆನ್ನಿಗೇ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಹೆಚ್ಚಾದರೆ ಆ ಗ್ರಂಥಿಗಳಿಗೆ ಇನ್ನಷ್ಟು ಕುಮ್ಮಕ್ಕು ಸಿಕ್ಕಂತೆ. ಆಸ್ಟ್ರೇಲಿಯಾದಲ್ಲಿ ಮೊಡವೆಯಿದ್ದ ಹುಡುಗರಿಗೆ 12 ವಾರ ಇಂಥ ಆಹಾರ ತಗ್ಗಿಸಿ, ನಿಧಾನವಾಗಿ ಜೀರ್ಣವಾಗುವ ಊಟ ಕೊಟ್ಟು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊಡವೆಗಳು ಗಮನಾರ್ಹವಾಗಿ ಇಳಿದಿದ್ದವು.

ನಿಮ್ಮ ಮನೆಯಲ್ಲಿ ನಾನು ಮೊದಲು ಹಿಡಿಯುವುದು ಆ ಲೋಟವನ್ನು. ಪುಡಿಯ ಡಬ್ಬಿಯ ಹಿಂಬದಿ ಓದಿ: ಅದರಲ್ಲೇ ಸಕ್ಕರೆ ಇರುತ್ತದೆ, ಮೇಲೆ ನೀವು ಹಾಕುವುದು ಬೇರೆ. ಹೆಚ್ಚು ಹಾಲು ಕುಡಿಯುವವರಲ್ಲಿ ಮೊಡವೆ ತುಸು ಹೆಚ್ಚು ಎಂದು ಹಲವು ಸಮೀಕ್ಷೆಗಳು ಹೇಳಿವೆ. ಕೆಲವು ಸಮೀಕ್ಷೆಗಳಲ್ಲಿ ಕೆನೆ ತೆಗೆದ ಹಾಲಿನ ನಂಟೇ ಹೆಚ್ಚು ಕಂಡಿದೆ, ಹಾಗಾಗಿ ದೋಷವನ್ನು ಕೆನೆಯ ತಲೆಗೆ ಕಟ್ಟುವಂತಿಲ್ಲ. ಹಾಗೆಂದು ಹಾಲನ್ನು ಪೂರ್ತಿ ನಿಲ್ಲಿಸಬೇಡಿ. ಬೆಳೆಯುವ ಹುಡುಗಿಗೆ ಸುಣ್ಣದ ಅಂಶ ಬೇಕು. ಒಂದು ಲೋಟಕ್ಕೆ ಇಳಿಸಿ, ಪುಡಿ ಸಕ್ಕರೆ ಎರಡೂ ಇಲ್ಲದೆ ಕೊಡಿ. ಇನ್ನೊಂದು ಲೋಟದ ಬದಲು ಮಜ್ಜಿಗೆ. ಬೆಳಿಗ್ಗೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ಹೌದು, ಅದೇ ಶೇಂಗಾ! ಸಂಜೆಗೆ ಹೆಸರುಕಾಳಿನ ಉಸುಳಿ ಅಥವಾ ಒಂದು ಸೀಬೆಹಣ್ಣು. ಎರಡು ಮೂರು ತಿಂಗಳು ಬಿಡದೆ ನಡೆಸಿ, ಆಮೇಲೆ ಮುಖ ನೋಡಿ. ಗಂಟು ಗಂಟಾಗಿ ಎದ್ದು ಕಲೆ ಉಳಿಯುತ್ತಿದ್ದರೆ ಮಾತ್ರ ಅಷ್ಟು ಕಾಯಬೇಡಿ, ತಕ್ಷಣ ಔಷಧಿ ಶುರು ಮಾಡಬೇಕು. ಆ ಹಂತಕ್ಕೆ ಊಟದ ಬದಲಾವಣೆಯೊಂದೇ ಸಾಲದು.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ಬದನೆಕಾಯಿ ವಿಷಯಕ್ಕೆ ಉತ್ತರ ಬರಲಿಲ್ಲ. ನಾನು ಜಿಮ್‌ಗೆ ಹೋಗುತ್ತೇನೆ, ನನಗೂ ಬೆನ್ನ ತುಂಬ ಮೊಡವೆ.

ಚರ್ಮವೈದ್ಯೆ: ತಿಂದಾಗ ತುರಿಕೆ ಬರುವವರು ಬಿಡಲಿ, ಮೊಡವೆಗಾಗಿ ಯಾರೂ ಬದನೆಕಾಯಿ ಬಿಡಬೇಕಿಲ್ಲ. ನೀವು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಕುಡಿಯುತ್ತಿದ್ದರೆ ಅದನ್ನು ಕೆಲವು ವಾರ ನಿಲ್ಲಿಸಿ ನೋಡಿ. ಕೆಲವರಿಗೆ ಅದರಿಂದಲೇ ಮೊಡವೆ ಏಳುತ್ತದೆ. ಮೊಟ್ಟೆ, ಹುರುಳಿ, ಬೇಳೆಯಿಂದಲೂ ಪ್ರೋಟೀನ್ ಸಿಗುತ್ತದೆ. ಯಾರೋ ಶಕ್ತಿಗೆಂದು ಚುಚ್ಚುವ ಬಿ12 ಇಂಜೆಕ್ಷನ್ ಕೂಡ ಕೆಲವರಲ್ಲಿ ಮೊಡವೆ ಎಬ್ಬಿಸುತ್ತದೆ.

ಪ್ರಶ್ನೆ (ಮೈಸೂರು): ಹೊಳಪು ಬರಲೆಂದು ದಿನಾ ಕ್ಯಾರೆಟ್ ರಸ ಕುಡಿಯುತ್ತಿದ್ದೇನೆ. ಈಗ ಅಂಗೈ ಹಳದಿಯಾಗಿದೆ. ಕಾಮಾಲೆಯೇ?

ಚರ್ಮವೈದ್ಯೆ: ಕಣ್ಣಿನ ಬಿಳಿಭಾಗ ಕನ್ನಡಿಯಲ್ಲಿ ನೋಡಿಕೊಳ್ಳಿ. ಅದು ಬೆಳ್ಳಗೇ ಇದ್ದರೆ ಬಹುಮಟ್ಟಿಗೆ ಕ್ಯಾರೆಟ್ಟಿನ ಬಣ್ಣವೇ ಚರ್ಮದಲ್ಲಿ ಕೂತಿದೆ. ರಸ ನಿಲ್ಲಿಸಿದರೆ ನಿಧಾನವಾಗಿ ಇಳಿಯುತ್ತದೆ. ಕಣ್ಣೂ ಹಳದಿಯಾಗಿದ್ದರೆ ಇವತ್ತೇ ವೈದ್ಯರಿಗೆ ತೋರಿಸಿ. ಕ್ಯಾರೆಟ್, ನುಗ್ಗೆಸೊಪ್ಪು ಪಲ್ಯವಾಗಿ, ಎಣ್ಣೆಯ ಒಗ್ಗರಣೆಯೊಂದಿಗೆ ಹೊಟ್ಟೆ ಸೇರಲಿ. ಅವುಗಳಲ್ಲಿರುವ ಎ ಜೀವಸತ್ವದ ಮೂಲವಸ್ತು ಮೈಗೆ ಹತ್ತಲು ಜಿಡ್ಡು ಬೇಕು. ಎಣ್ಣೆಯನ್ನು ಪೂರ್ತಿ ಬಿಟ್ಟವರು ಚರ್ಮ ಒಣಗಿಸಿಕೊಂಡು ನನ್ನ ಬಳಿ ಬರುತ್ತಾರೆ.

ಪ್ರಶ್ನೆ (ತುಮಕೂರು): ಮಗನ ಕುತ್ತಿಗೆಯ ಹಿಂಭಾಗ ಕಪ್ಪಾಗಿ ದಪ್ಪಗಾಗಿದೆ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಮೈ ಸ್ವಲ್ಪ ದಪ್ಪ.

ಚರ್ಮವೈದ್ಯೆ: ಅದು ಕೊಳೆಯಲ್ಲ, ತಿಕ್ಕುವುದನ್ನು ನಿಲ್ಲಿಸಿ. ಬಹಳಷ್ಟು ಮಕ್ಕಳಲ್ಲಿ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ವರದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಬಾಟಲಿ ಪಾನೀಯಗಳನ್ನು ಇಂದಿನಿಂದಲೇ ಬಿಡಿಸಿ.