ಸಹಾಯ ಬೇಕು: ಈ ರೋಮನ್ ನಾಣ್ಯ ಎರಡನೇ ಕಾನ್‌ಸ್ಟಾಂಟಿಯಸ್‌ನದೋ, ಗ್ಯಾಲಸ್‌ನದೋ?

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಸಂಗ್ರಹದಲ್ಲಿ ಉಳಿದಿರುವ, 18 ಮಿಲಿಮೀಟರ್ ಅಗಲದ, 2.4 ಗ್ರಾಂ ತೂಕದ ಈ ಕಂಚಿನ ನಾಣ್ಯ ಯಾರದೆಂದು ತೀರ್ಮಾನಿಸಲು ತಿಳಿದವರ ನೆರವು ಬೇಕಾಗಿದೆ. ಹಿಂಭಾಗದಲ್ಲಿ ಗೊಂದಲವಿಲ್ಲ: ಸೈನಿಕನೊಬ್ಬ ಕುದುರೆಯಿಂದ ಬೀಳುತ್ತಿರುವ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ; ಸುತ್ತಲೂ, ಸುಖದ ದಿನಗಳು ಮರಳಿದವೆಂದು ಸಾರುವ ‘ಫೆಲ್ ಟೆಂಪ್ ರೆಪರಾಟಿಯೊ’ ಎಂಬ ಬರಹವಿದೆ. ಬೀಳುತ್ತಿರುವವನು ಒಂದು ಕೈಯನ್ನು ಹಿಂದಕ್ಕೆ ಚಾಚಿರುವುದು ಇಷ್ಟು ಸವೆದ ಮೇಲೂ ಕಾಣುತ್ತದೆ.

ತೊಡಕಿರುವುದು ಮುಂಭಾಗದಲ್ಲಿ. ‘ಕಾನ್‌ಸ್ಟಾಂಟಿ’ ಎಂಬಲ್ಲಿಯವರೆಗಿನ ಅಕ್ಷರಗಳನ್ನು ಓದಬಹುದಾದರೂ, ಈ ಹೆಸರು 337ರಿಂದ 361ರವರೆಗೆ ಆಳಿದ ಎರಡನೇ ಕಾನ್‌ಸ್ಟಾಂಟಿಯಸ್‌ನ ನಾಣ್ಯಗಳಲ್ಲಿಯೂ, 351ರಿಂದ 354ರವರೆಗೆ ಸೀಸರ್ (ಚಕ್ರವರ್ತಿಯ ಕೈಕೆಳಗಿನ ಆಡಳಿತಗಾರ) ಆಗಿದ್ದ ಅವನ ದಾಯಾದಿ ಗ್ಯಾಲಸ್‌ನ ನಾಣ್ಯಗಳಲ್ಲಿಯೂ ಇರುತ್ತದೆ. ‘ಆಗಸ್ಟಸ್’ (ಚಕ್ರವರ್ತಿ) ಅಥವಾ ‘ಸೀಸರ್’ ಎಂಬ ಪದವಿಯನ್ನು ಹೇಳಬೇಕಾದ ಬರಹದ ಕೊನೆಯೇ ಅಳಿಸಿಹೋಗಿದೆ. ಹಾಗಾಗಿ ಉಳಿದ ದಾರಿಯೆಂದರೆ ತಲೆಯನ್ನು ನೋಡುವುದು: ಚಕ್ರವರ್ತಿಗೆ ಮುತ್ತಿನ ಪಟ್ಟಿ ಇರುತ್ತದೆ, ಗ್ಯಾಲಸ್‌ನ ತಲೆ ಬರಿದಾಗಿರುತ್ತದೆ. ನನ್ನ ಕಣ್ಣಿಗೆ ಪಟ್ಟಿ ಕಾಣುತ್ತಿಲ್ಲವಾದ್ದರಿಂದ ಇದು ಗ್ಯಾಲಸ್‌ನದೆಂದು ನನ್ನ ಊಹೆ, ಆದರೆ ಕತ್ತಿನ ಹಿಂದೆ ಎರಡು ಸಣ್ಣ ಗೀರುಗಳಿವೆ. ಅವು ಪಟ್ಟಿಯ ಕಟ್ಟಿನ ತುದಿಗಳಾಗಿದ್ದರೆ ನನ್ನ ಊಹೆ ತಪ್ಪಾಗುತ್ತದೆ.

ಹಿಂಭಾಗದ ಚಿತ್ರದ ಕೆಳಗೆ ‘ಎ’, ‘ಎನ್’ ಅಕ್ಷರಗಳು ಉಳಿದಿರುವುದರಿಂದ ಟಂಕಸಾಲೆ ಆಂಟಿಯೋಕ್ ಎಂದು ಭಾವಿಸಿದ್ದೇನೆ. ಗ್ಯಾಲಸ್ ನೆಲೆಸಿದ್ದ ನಗರವೂ ಅದೇ ಆದರೂ, ಇಬ್ಬರ ಹೆಸರಿನ ನಾಣ್ಯಗಳೂ ಅಲ್ಲಿ ಅಚ್ಚಾಗಿದ್ದರಿಂದ ಇಷ್ಟರಿಂದಲೇ ನಿರ್ಧರಿಸಲಾಗದು. ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಚಿತ್ರಗಳನ್ನು ಲಗತ್ತಿಸಿದ್ದೇನೆ. ಹಸಿರು ಪದರ ಕಿತ್ತುಬರಬಹುದೆಂಬ ಭಯದಿಂದ ನಾಣ್ಯವನ್ನು ಉಜ್ಜಿಲ್ಲ. ದಯವಿಟ್ಟು ಕತ್ತಿನ ಹಿಂದಿನ ಆ ಗೀರುಗಳನ್ನು ಪರಿಶೀಲಿಸಿ, ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.