ಟ್ರೈಪಾಡ್ ಎಲ್ಲಿ?

ಕುಮಟೆ ಮಾವ: "ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಕೈಯಲ್ಲಿ ಹಿಡಿದು ತೆಗೆದ ಹಕ್ಕಿ ಫೋಟೊ ಎಲ್ಲ ಅಲುಗಿಯೇ ಅಲುಗುತ್ತದೆ. ಟ್ರೈಪಾಡ್ (ಕ್ಯಾಮೆರಾ ಕೂರಿಸುವ ಮುಕ್ಕಾಲಿ) ಇಲ್ಲದವರು ಸುಮ್ನೆ ದುಡ್ಡು ಹಾಳು ಮಾಡಬೇಡಿ." ಫಾರ್ವರ್ಡ್ ಬಂದದ್ದು. ನಮ್ಮ ಮನೆಯಲ್ಲೂ ಒಬ್ಬ ಇಂಥದ್ದೇ ತಗೊಂಡಿದ್ದಾನೆ, ಓದಲಿ.

ಶಿರಸಿ ಭಾವ: ಬರೆದವರು ಯಾರು ಮಾವ? ಹೆಸರೂ ಇಲ್ಲ, ಒಂದು ಫೋಟೊನೂ ಇಲ್ಲ. ಹೋದ ವರ್ಷ ಅಡಿಕೆ ರೇಟು ಏರುತ್ತದೆ ಅಂತ ಹಾಕಿದ್ದೂ ನೀವೇ. ನಂಬಿ ಮಾಲು ಇಟ್ಟುಕೊಂಡು ಕೂತೆ.

ಕುಮಟೆ ಮಾವ: ಅಡಿಕೆ ಮಾತು ಇಲ್ಲಿ ಯಾಕೆ?

ದೊಡ್ಡಪ್ಪ: ಫೋಟೊ ಅಲುಗುವುದು ಹಾಗಿರಲಿ. ದಾಂಡೇಲಿ ಕಡೆ ಮಂಗಟ್ಟೆ ಗೂಡಿನ ಎದುರು ಟ್ರೈಪಾಡ್ ಊರಿ ಕೂರುವುದೇ ತಪ್ಪು. ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗಿರುತ್ತದೆ. ಗಂಡು ಹಣ್ಣು ತಂದರೇ ಅದಕ್ಕೆ ಊಟ. ಎದುರಿಗೆ ಜನ ಕೂತರೆ ಅದು ಹತ್ತಿರ ಬರಲು ಹೆದರುತ್ತದೆ.

ಅಕ್ಕ: ಸೋಂದೆಯ ಮುಂಡಿಗೆಕೆರೆ ನೆನಪಾಯ್ತು! ಮಳೆ ಹಿಡಿದರೆ ಮುಂಡಿಗೆ ಪೊದೆ ತುಂಬ ಬೆಳ್ಳಕ್ಕಿ. ಸದ್ದಾಗಬಾರದು ಅಂತ ಅಜ್ಜ ನಮ್ಮ ಚಪ್ಪಲಿ ಬಿಡಿಸುತ್ತಿದ್ದರು.

ನಾನು: ಮಾವ, ಕೈ ನಡುಗುವುದನ್ನು ಲೆನ್ಸಿನ ಸ್ಟೆಬಿಲೈಸರ್ ಸುಮಾರು ತಡೆಯುತ್ತದೆ. ಹಕ್ಕಿ ಅಲ್ಲಾಡುವುದನ್ನು ಅದೂ ತಡೆಯದು, ಟ್ರೈಪಾಡೂ ತಡೆಯದು. ಅದಕ್ಕೆ ಶಟರ್ ತೆರೆದು ಮುಚ್ಚುವ ವೇಗವೇ ಬೇಕು. ಕೂತ ಹಕ್ಕಿಗೆ 1/800 ಸೆಕೆಂಡ್, ಹಾರುವುದಕ್ಕೆ 1/2000 ಇಡುತ್ತೇನೆ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಗ್ರಹಿಸುವ ಮಟ್ಟ, ಏರಿಸುತ್ತೇನೆ. ಎಡಗೈ ಲೆನ್ಸಿನ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡುತ್ತ ಬಟನ್ ಒತ್ತಬೇಕು. ಬೈತಖೋಲ್ ಬಂದರಿನಲ್ಲಿ ಗರುಡ ಮೀನಿಗೆ ಎರಗುವಾಗ ಟ್ರೈಪಾಡ್ ತಿರುಗಿಸುವಷ್ಟರಲ್ಲಿ ಅದು ದೋಣಿಯ ಆಚೆ ಹೋಗಿರುತ್ತದೆ. ನಿನ್ನೆಯ ಫೋಟೊ ಹಾಕಿದ್ದೇನೆ, ದೊಡ್ಡದು ಮಾಡಿ ನೋಡಿ. ಉಗುರಿನಿಂದ ಬೀಳುವ ನೀರು ಹನಿಹನಿಯಾಗಿ ಬಿಡಿಸಿ ಕಾಣುತ್ತದೆ.

ಕುಮಟೆ ಮಾವ: ನನ್ನ ಮಗಳ ಮದುವೆ ಫೋಟೊ ಅಲುಗಿಸಿದವನು ನೀನೇ ಅಲ್ವಾ?

ನಾನು: ಹೌದು ಮಾವ. ಮಂಟಪದಲ್ಲಿ ಬೆಳಕಿರಲಿಲ್ಲ, ಶಟರ್ 1/15ಕ್ಕೆ ಇಳಿಸಿದ್ದೆ. ಅಲ್ಲಿ ಟ್ರೈಪಾಡ್ ಬೇಕೇ ಬೇಕಿತ್ತು. ಒಯ್ದ ಭಾವ ತಂದು ಕೊಡಲಿಲ್ಲ.

ಶಿರಸಿ ಭಾವ: ನೀನು ಕೇಳಲೇ ಇಲ್ಲ ಮಾರಾಯ. ನಮ್ಮ ಅಟ್ಟದ ಮೇಲಿದೆ.

ನಾನು: ಮೂರು ಸಲ ಕೇಳಿದ್ದೇನೆ. ಇದೇ ಗುಂಪಿನಲ್ಲಿ ಮೇಲೆ ಹೋಗಿ ನೋಡಿ.

ಅಕ್ಕ: ಭಾನುವಾರ ನಾನೇ ಇಳಿಸಿ ತರ್ತೇನೆ. ಸಾಕು ಬಿಡಿ ಇಬ್ಬರೂ.

ದೊಡ್ಡಪ್ಪ: ಮಂಗಟ್ಟೆ ಬಗ್ಗೆ ಬರೆದದ್ದನ್ನು ಯಾರಾದರೂ ಓದಿದಿರಾ?

ನಾನು: ಓದಿದೆ ದೊಡ್ಡಪ್ಪ. ಗೂಡಿದ್ದ ಮರದ ಹತ್ತಿರ ನಾನು ಹೋಗುವುದೇ ಇಲ್ಲ.