ಸಹಾಯ ಬೇಕು: ಪ್ರಾರ್ಥಿಸಲು ಮಾತೇ ಹೊರಡದಿರುವಾಗ ಏನು ಮಾಡಬೇಕು?

ಪ್ರಿಯರೇ, ಮಗನನ್ನು ಕಳೆದುಕೊಂಡು ಎಂಟು ತಿಂಗಳಾದರೂ ನನ್ನ ಪ್ರಾರ್ಥನೆ "ಕರ್ತನೇ" ಎಂಬ ಒಂದೇ ಮಾತಿಗೆ ನಿಂತುಹೋಗುತ್ತಿದೆ. ಬೈಬಲ್ ತೆರೆದರೆ ಅವನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ ಪುಟದಲ್ಲೇ ಕಣ್ಣು ಮಂಜಾಗುತ್ತದೆ. "ಎಲ್ಲವೂ ದೇವರ ಚಿತ್ತ" ಎನ್ನುವವರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತದ್ದೇ ಅವರು ಮಾಡಿದ ಅತ್ಯುತ್ತಮ ಕೆಲಸವೆಂದು ಈಗ ನನಗೆ ಅರ್ಥವಾಗುತ್ತಿದೆ. ಕತ್ತಲೆಯ ಮಾತಿನಲ್ಲೇ ಮುಗಿಯುವ ಬೈಬಲಿನ 88ನೆಯ ಕೀರ್ತನೆಯೊಂದೇ ಸದ್ಯಕ್ಕೆ ನನ್ನ ಕೈಹಿಡಿದಿದೆ, ಏಕೆಂದರೆ ಅಲ್ಲಿಯೂ ಮೊರೆ ದೇವರಿಗೇ ಸಲ್ಲುತ್ತದೆ. ನಂಬಿಕೆಯನ್ನು ಬಿಡುವ ಮನಸ್ಸು ನನಗಿಲ್ಲ. ಹಿಡಿದುಕೊಳ್ಳುವ ಶಕ್ತಿ ಮಾತ್ರ ಸಾಲುತ್ತಿಲ್ಲ. ಇಂಥ ದಿನಗಳನ್ನು ದಾಟಿ ಬಂದವರು ಯಾವ ವಾಕ್ಯಭಾಗಗಳನ್ನು ಆಸರೆಯಾಗಿ ಹಿಡಿದಿರಿ, ಸಭೆಯಲ್ಲಿ ಹಾಡಲು ಧ್ವನಿಯೇ ಬಾರದಿದ್ದಾಗ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.